ಗಾಜಿಗೆ ಅಂಟುವ ಕ್ವಾಟ್, 48 ಗಂಟೆಯ ಡಾಫ್ನಿಯಾ ಟೆಸ್ಟ್: ಪಂಪ್ ಇಲ್ಲದೆ ನಾವು ಮಾಡಿದ್ದು ಹೀಗೆ

ಬೆಂಜಾಲ್ಕೋನಿಯಂ ಕ್ಲೋರೈಡ್ ಒಂದು ಕ್ವಾಟ್, ಅಂದರೆ ಕ್ಲೀನರ್‌ಗಳಲ್ಲಿ ಬಳಸುವ, ಪಾಸಿಟಿವ್ ಚಾರ್ಜ್ ಇರುವ ಸೋಪಿನಂಥ ಕೆಮಿಕಲ್ (ಕ್ಯಾಟಯಾನಿಕ್ ಸರ್ಫ್ಯಾಕ್ಟಂಟ್). ಅದು ಎಷ್ಟು ವಿಷ ಎಂದು ತಿಳಿಯಲು ಡಾಫ್ನಿಯಾ ಮ್ಯಾಗ್ನಾ ಎಂಬ ಪುಟ್ಟ ನೀರುಜೀವಿಯ ಮೇಲೆ ಅಕ್ಯೂಟ್, ಅಂದರೆ ಅಲ್ಪಾವಧಿಯ ಟೆಸ್ಟ್ ಮಾಡಿದೆವು. ನೀರಿನಲ್ಲಿರುವ ಒಟ್ಟು ಕೆಮಿಕಲ್ 48 ಗಂಟೆ ಪೂರ್ತಿ ಹಾಕಿದ್ದರ ಶೇ. 80ಕ್ಕಿಂತ ಕೆಳಗೆ ಇಳಿಯಲಿಲ್ಲ. ಫ್ಲೋ-ಥ್ರೂ (ಹೊಸ ದ್ರಾವಣ ಸತತ ಹರಿಯುವ ವ್ಯವಸ್ಥೆ) ಇರಲಿಲ್ಲ, ಡೋಸಿಂಗ್ ಪಂಪ್ ಇರಲಿಲ್ಲ. ಬೀಕರ್, ಪಿಪೆಟ್, ಒಂದು ಇನ್‌ಕ್ಯುಬೇಟರ್, ಇಷ್ಟೇ. ಇದು ಆಗದ ಕೆಲಸ ಎಂದವರು ತುಂಬಾ ಜನ. ಅವರಲ್ಲಿ ಹೆಚ್ಚಿನವರು ಈ ಕೆಲಸ ಚೆನ್ನಾಗಿ ಬಲ್ಲವರೇ. "ಕ್ಯಾಟಯಾನಿಕ್ ಸರ್ಫ್ಯಾಕ್ಟಂಟ್‌ಗೆ ಫ್ಲೋ-ಥ್ರೂ ಬಿಟ್ಟರೆ ಗತಿಯಿಲ್ಲ, ಅದಿಲ್ಲದಿದ್ದರೆ ಕೈಗೆತ್ತಿಕೊಳ್ಳಬೇಡಿ" ಎಂದರು. ಮೂರು ರನ್ ಒಂದರ ಹಿಂದೆ ಒಂದು ಒಂದೇ ಉತ್ತರ ಕೊಟ್ಟ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಈಗ ಕೊಟ್ಟಿವೆ.

ಈ ಟೆಸ್ಟ್‌ನ ಅಂತಾರಾಷ್ಟ್ರೀಯ ಗೈಡ್‌ಲೈನ್ ಓಇಸಿಡಿ 202 ನಿಮಗೆಲ್ಲ ಗೊತ್ತಿರುವುದೇ. 24 ಗಂಟೆಗಿಂತ ಚಿಕ್ಕ ಮರಿ, ಐದು ಸಾಂದ್ರತೆ, ಪ್ರತಿಯೊಂದಕ್ಕೆ 20 ಮರಿ, ಕೆಮಿಕಲ್ ಹಾಕದ ಕಂಟ್ರೋಲ್‌ನಲ್ಲಿ ಈಜು ನಿಲ್ಲಿಸಿದವು ಶೇ. 10 ದಾಟಬಾರದು. ಅದನ್ನು ಮತ್ತೆ ಹೇಳುತ್ತಾ ಕೂರುವುದಿಲ್ಲ. ಕ್ವಾಟ್ ಹಾಕಿದಾಗ ಎಲ್ಲಿ ಕೈಕೊಡುತ್ತದೆ, ಹಣ ಎಲ್ಲಿ ಸೋರುತ್ತದೆ, ಅದನ್ನು ಮಾತ್ರ ಬರೆಯುತ್ತೇನೆ.

ಮೊದಲ ಸುತ್ತಿನ ರನ್‌ಗಳನ್ನು ಎಲ್ಲರೂ ಮಾಡುವ ಹಾಗೆಯೇ ಮಾಡಿದೆವು. ಚಿಕ್ಕ ಗಾಜಿನ ಪಾತ್ರೆ, 10 ಮಿಲಿಲೀಟರ್ ದ್ರಾವಣ, ಒಂದಕ್ಕೆ ಐದು ಮರಿ. ಗೈಡ್‌ಲೈನ್ ಒಂದು ಮರಿಗೆ ಕನಿಷ್ಠ 2 ಮಿಲಿಲೀಟರ್ ಕೇಳುತ್ತದೆ, ಅಷ್ಟು ಸಿಕ್ಕಿತು. ಕಂಟ್ರೋಲ್ ಚೆನ್ನಾಗಿತ್ತು. ಮರಿಗಳನ್ನು ಪರೀಕ್ಷಿಸಲು ಹಾಕುವ ಪೊಟ್ಯಾಸಿಯಂ ಡೈಕ್ರೋಮೇಟ್‌ನ 24 ಗಂಟೆಯ ಇಸಿ50 (ಅರ್ಧದಷ್ಟು ಮರಿಗಳು ಈಜು ನಿಲ್ಲಿಸುವ ಸಾಂದ್ರತೆ) ಲೀಟರ್‌ಗೆ 1.2 ಮಿಲಿಗ್ರಾಂ ಹತ್ತಿರ ನಿಂತಿತ್ತು. 0.6ರಿಂದ 2.1ರ ಒಳಗಿದ್ದರೆ ಸಾಕು, ಅಲ್ವಾ? ಅಂದರೆ ಮರಿಗಳಲ್ಲಿ ದೋಷವಿಲ್ಲ, ನೀರಿನಲ್ಲೂ ಇಲ್ಲ. ಆದರೆ ಕ್ವಾಟ್‌ನ ಇಸಿ50 ಒಂದು ವಾರ 0.06, ಇನ್ನೊಂದು ವಾರ 0.15. ಹಾಕಿದ ಲೆಕ್ಕದಲ್ಲಿ ನೋಡಿದರೆ ಸರಾಸರಿ 0.12ರ ಆಸುಪಾಸು. ಎರಡೂವರೆ ಪಟ್ಟು ಓಲಾಡುವ ಸಂಖ್ಯೆಯನ್ನು ಯಾವ ಮುಖ ಇಟ್ಟುಕೊಂಡು ವರದಿಯಲ್ಲಿ ಹಾಕುವುದು?

ಸ್ಯಾಂಪಲ್ ಕಳಿಸಿ ಅಳೆಸಿದೆವು. ಹೊಸದಾಗಿ ಮಾಡಿದ ದ್ರಾವಣದಲ್ಲೇ ಹಾಕಿದ್ದರ ಶೇ. 60. 48 ಗಂಟೆಯ ಕೊನೆಗೆ ಶೇ. 20ರಿಂದ 30. ಕಡಿಮೆ ಸಾಂದ್ರತೆಯ ಪಾತ್ರೆಗಳಲ್ಲಿ ಇನ್ನೂ ಕೆಳಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದು ಬರೀ ಅಚ್ಚುಕಟ್ಟುತನದ ಪ್ರಶ್ನೆಯಲ್ಲ. ಇಸಿ50 ಲೀಟರ್‌ಗೆ 0.1 ಮಿಲಿಗ್ರಾಂಗಿಂತ ಮೇಲಿದ್ದು 1ರ ಒಳಗಿದ್ದರೆ ಕೆಮಿಕಲ್‌ಗಳ ಅಪಾಯ ವಿಂಗಡಿಸುವ ಜಾಗತಿಕ ಪದ್ಧತಿ ಜಿಎಚ್‌ಎಸ್‌ನಲ್ಲಿ ಅಕ್ಯೂಟ್ 1 (ಅತಿ ವಿಷದ ವರ್ಗ), ಎಂ-ಫ್ಯಾಕ್ಟರ್ (ಮಿಶ್ರಣದ ಲೆಕ್ಕದಲ್ಲಿ ಗುಣಿಸುವ ಸಂಖ್ಯೆ) 1. 0.01ರಿಂದ 0.1ರ ನಡುವೆ ಬಂದರೆ ಅದೇ ಅಕ್ಯೂಟ್ 1, ಆದರೆ ಎಂ-ಫ್ಯಾಕ್ಟರ್ 10. ಮೊದಲನೆಯದರಲ್ಲಿ ಮಿಶ್ರಣದೊಳಗೆ ಶೇ. 25 ಇದ್ದರೆ ಮಿಶ್ರಣಕ್ಕೆ ಅಕ್ಯೂಟ್ 1 ಲೇಬಲ್ ಬೀಳುತ್ತದೆ. ಎರಡನೆಯದರಲ್ಲಿ ಶೇ. 2.5 ಇದ್ದರೇ ಸಾಕು. ಕ್ಲೀನರ್ ಮಾಡುವವರ ಎಷ್ಟೋ ಪ್ರಾಡಕ್ಟ್‌ಗಳು ಈ ಎರಡರ ನಡುವೆ ಇರುತ್ತವೆ. ಹಾಗಾಗಿ 0.12 ಎಂದು ಬರೆಯುವುದೋ, ಕೊನೆಗೆ ನಮಗೆ ಸಿಕ್ಕಿದ 0.04 ಎಂದು ಬರೆಯುವುದೋ ಎಂಬುದು ಡ್ರಮ್ಮಿನ ಮೇಲಿನ ಸತ್ತ ಮೀನಿನ ಚಿತ್ರದ ಪ್ರಶ್ನೆ. ಪಾತ್ರೆಯ ಗೋಡೆಗೆ ಅಂಟಿಕೊಂಡ ಕೆಮಿಕಲ್ಲನ್ನು ಪ್ರಾಣಿ ತಡೆದುಕೊಂಡಿತು ಎಂದು ಲೆಕ್ಕ ಹಾಕಿದರೆ ಅದು ಸುಳ್ಳು ಲೆಕ್ಕ. ಕೊನೆಗೆ ಆ ಲೇಬಲ್ ನಂಬಿ ಯಾರೋ ಒಬ್ಬರು ಡ್ರಮ್ ತೊಳೆದ ನೀರನ್ನು ಹಳ್ಳಕ್ಕೆ ಬಿಡುತ್ತಾರೆ.

ಕೆಮಿಕಲ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಪ್ರಾಣಿಯೇ ಇಲ್ಲದ ರನ್ ಇಟ್ಟೆವು. ಅದೇ ಪಾತ್ರೆ, ಅದೇ ನೀರು, ಮರಿ ಮಾತ್ರ ಇಲ್ಲ. ನಷ್ಟ ಹೆಚ್ಚುಕಡಿಮೆ ಅಷ್ಟೇ ಬಂತು. ಬ್ಯಾಕ್ಟೀರಿಯಾ ತಿನ್ನುತ್ತಿದೆ ಎಂದು ಒಬ್ಬರು ಹೇಳಿದ್ದರು. ಸ್ಟೆರೈಲ್ ನೀರಿನಲ್ಲಿ ಮಾಡಿದರೂ ಬದಲಾಗಲಿಲ್ಲ. ಕ್ವಾಟ್ ನೀರಿನಲ್ಲಿ ತಾನಾಗಿ ಒಡೆಯುವ ಪೈಕಿಯೂ ಅಲ್ಲ. ಕೊನೆಗೆ ದ್ರಾವಣ ಚೆಲ್ಲಿ, ಖಾಲಿ ಪಾತ್ರೆಯನ್ನು ಆಸಿಡ್ ಹಾಕಿದ ಮೆಥನಾಲ್‌ನಲ್ಲಿ ತೊಳೆದು ಆ ಮೆಥನಾಲನ್ನು ಅಳೆಸಿದೆವು. ಕಾಣೆಯಾಗಿದ್ದರಲ್ಲಿ ದೊಡ್ಡ ಪಾಲು ಅಲ್ಲಿ ಸಿಕ್ಕಿತು. ಗಾಜಿನ ಮೇಲ್ಮೈಗೆ ನೆಗೆಟಿವ್ ಚಾರ್ಜ್, ಕ್ವಾಟ್‌ಗೆ ಪಾಸಿಟಿವ್. ಅಂಟದೆ ಇನ್ನೇನಾಗುತ್ತದೆ?

ಪೂರ್ತಿ ಲೆಕ್ಕ ಮಾತ್ರ ಆಗಲೂ ಕೂಡಲಿಲ್ಲ. ಗೋಡೆಯಲ್ಲಿ ಸಿಕ್ಕಿದ್ದು, ನೀರಿನಲ್ಲಿ ಉಳಿದದ್ದು ಎರಡೂ ಸೇರಿಸಿದರೂ ಹಾಕಿದ್ದಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಕಡಿಮೆ. ಅದರ ಉತ್ತರ ತುಂಬಾ ತಡವಾಗಿ ಸಿಕ್ಕಿತು. ಮುಂದೆ ಹೇಳುತ್ತೇನೆ.

ಗಾಜು ಬೇಡವೆಂದರೆ ಪ್ಲಾಸ್ಟಿಕ್. ಎಲ್ಲರ ತಲೆಗೂ ಮೊದಲು ಬರುವುದು ಅದೇ. ಪಾಲಿಪ್ರೊಪಿಲೀನ್ ಗಾಜಿಗಿಂತ ಸ್ವಲ್ಪ ಮೇಲು ಅನ್ನಿಸಿತು. ಆದರೆ ನಮ್ಮ ಮಾಲು ಒಂದೇ ಅಣುವಿನದಲ್ಲ, ಸಿ12, ಸಿ14, ಸಿ16 (12, 14, 16 ಇಂಗಾಲದ) ಸರಪಳಿಗಳ ಮಿಶ್ರಣ. ಉದ್ದ ಸರಪಳಿಯವು ಪ್ಲಾಸ್ಟಿಕ್‌ಗೂ ಚೆನ್ನಾಗಿ ಅಂಟುತ್ತವೆ. ಒಟ್ಟು ಮೊತ್ತ ನೋಡಿದರೆ ಪರವಾಗಿಲ್ಲ ಎನ್ನಿಸುತ್ತದೆ. ಒಂದೊಂದೇ ಸರಪಳಿ ಬಿಡಿಸಿ ನೋಡಿದರೆ ಉಳಿದದ್ದೆಲ್ಲ ಸಿ12. ಅಂದರೆ 48ನೇ ಗಂಟೆಯಲ್ಲಿ ಪಾತ್ರೆಯಲ್ಲಿರುವುದು ನಾವು ಹಾಕಿದ ಮಾಲೇ ಅಲ್ಲ! ಈ ಕೆಲಸ ಮಾಡುವವರು ಲ್ಯಾಬ್‌ನಿಂದ ಒಟ್ಟು ಮೊತ್ತ ಮಾತ್ರ ತರಿಸಿಕೊಳ್ಳಬೇಡಿ. ಸರಪಳಿವಾರು ಕೇಳಿ. ಒಂದೇ ಇಂಜೆಕ್ಷನ್‌ನಲ್ಲಿ ಬರುವ ಮಾಹಿತಿ ಅದು, ಅವರಿಗೆ ಹೆಚ್ಚಿನ ಖರ್ಚು ಏನೂ ಇಲ್ಲ. ಪಾಲಿಸ್ಟೈರೀನ್ ವೆಲ್ ಪ್ಲೇಟ್ ನೋಡಿದೆವು, ಅದರ ಗತಿ ಇನ್ನೂ ಕೆಟ್ಟದು. ಸಿಲನೈಸ್ ಮಾಡಿದ (ಅಂಟದಂತೆ ಪದರ ಕೊಟ್ಟ) ಗಾಜನ್ನೂ ತರಿಸಿದೆವು. ದುಬಾರಿ, ಮತ್ತೆ ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇಲ್ಲ. ನಾಲ್ಕೈದು ಸಲ ತೊಳೆದರೆ ಆ ಪದರವೂ ಮಾಯ. ಆ ದುಡ್ಡು ಹೋಯಿತು.

ಮತ್ತೆ ಸಾದಾ ಗಾಜಿಗೇ ಬಂದೆವು, ಆದರೆ ಬೇರೆ ಲೆಕ್ಕದಲ್ಲಿ. ಎರಡೂವರೆ ಸೆಂಟಿಮೀಟರ್ ಅಗಲದ ಚಿಕ್ಕ ಪಾತ್ರೆಯಲ್ಲಿ 10 ಮಿಲಿಲೀಟರ್ ಹಾಕಿದರೆ ಒಂದು ಮಿಲಿಲೀಟರ್‌ಗೆ ಸುಮಾರು 2 ಚದರ ಸೆಂಟಿಮೀಟರ್ ಗಾಜು ತಾಗುತ್ತದೆ. ಏಳು ಸೆಂಟಿಮೀಟರ್ ಅಗಲದ ಬೀಕರ್‌ನಲ್ಲಿ 200 ಮಿಲಿಲೀಟರ್ ಹಾಕಿದರೆ 0.8 ಕೂಡ ಇಲ್ಲ. ಗೈಡ್‌ಲೈನ್ ಹೇಳುವುದು ಕನಿಷ್ಠ ಎಷ್ಟು ಎಂದು ಮಾತ್ರ. ಗರಿಷ್ಠ ಹೇಳಿಲ್ಲ. 10 ಮಿಲಿಲೀಟರ್ ಎಂಬುದು ಅಭ್ಯಾಸ, ನಿಯಮವಲ್ಲ. ದೊಡ್ಡ ಬೀಕರ್‌ಗೆ ಹೋಗಿದ್ದಕ್ಕೇ ಅರ್ಧ ತಲೆನೋವು ಇಳಿಯಿತು.

ಉಳಿದ ಅರ್ಧ ಇಳಿದದ್ದು ಗಾಜಿಗೆ ಮೊದಲೇ ಹೊಟ್ಟೆ ತುಂಬಿಸಿದ್ದರಿಂದ. ಹಿಂದಿನ ರಾತ್ರಿಯೇ ಪ್ರತಿ ಬೀಕರ್‌ಗೆ ಅದರದೇ ಸಾಂದ್ರತೆಯ ದ್ರಾವಣ ತುಂಬಿಸಿ ಇಡುತ್ತೇವೆ. ಬೆಳಗ್ಗೆ ಅದನ್ನು ಸುರಿದು, ತೊಳೆಯದೆ, ಒರೆಸದೆ, ಹೊಸ ದ್ರಾವಣ ಹಾಕುತ್ತೇವೆ. ಗಾಜು ಹಿಡಿಯಬೇಕಾದಷ್ಟು ಆಗಲೇ ಹಿಡಿದಿರುತ್ತದೆ, ಹೊಸದರಿಂದ ಕದಿಯುವುದು ಕಡಿಮೆ. ಇದು ಹೊಸ ವಿದ್ಯೆಯೇನಲ್ಲ, ಕಷ್ಟದ ಕೆಮಿಕಲ್‌ಗಳ ಬಗ್ಗೆ ಓಇಸಿಡಿಯ 23ನೇ ಮಾರ್ಗದರ್ಶಿಯನ್ನು ಓದಿದವರಿಗೆ ಗೊತ್ತಿರುವ ಮಾತು. ಆದರೆ ಹೆಚ್ಚಿನವರು ಅರ್ಧ ಗಂಟೆ ತೊಳೆದು ಬಿಡುತ್ತಾರೆ. ನಮ್ಮ ಅನುಭವದಲ್ಲಿ ಅರ್ಧ ಗಂಟೆ ಸಾಲುವುದಿಲ್ಲ. ಸಿ14ಕ್ಕೆ ಕಡಿಮೆಯೆಂದರೂ ಹತ್ತು ಹನ್ನೆರಡು ಗಂಟೆ ಬೇಕು.

24ನೇ ಗಂಟೆಗೆ ದ್ರಾವಣ ಬದಲಿಸುತ್ತೇವೆ. ಗಟ್ಟಿ ನಿಲ್ಲದ ಕೆಮಿಕಲ್‌ಗೆ ಸೆಮಿ-ಸ್ಟ್ಯಾಟಿಕ್ ಮಾಡಬಹುದು ಎಂದು 202 ಹೇಳುತ್ತದೆ. ಆದರೆ ಅದೇ ಬೀಕರ್ ಖಾಲಿ ಮಾಡಿ ತುಂಬಿಸುವುದಿಲ್ಲ. ಇನ್ನೊಂದು ಸೆಟ್ ಬೀಕರ್‌ಗಳನ್ನು ಟೆಸ್ಟ್ ಶುರುವಾದ ದಿನವೇ ನೆನೆಯಲು ಇಟ್ಟಿರುತ್ತೇವೆ. 24ನೇ ಗಂಟೆಗೆ ಮರಿಗಳನ್ನು ಅಗಲ ಬಾಯಿಯ ಪಿಪೆಟ್‌ನಲ್ಲಿ ಎತ್ತಿ ಅತ್ತ ಹಾಕುತ್ತೇವೆ. ಪಿಪೆಟ್ ತುದಿ ನೀರಿನೊಳಗೆ ಮುಳುಗಿದ ಮೇಲೆಯೇ ಬಿಡಬೇಕು. ಮೇಲಿಂದ ಬಿಟ್ಟರೆ ಮರಿಯ ಚಿಪ್ಪಿನೊಳಗೆ ಗಾಳಿ ಸೇರಿ ಮೇಲ್ಪದರಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗೆ ತೇಲಿದ ಮರಿಯನ್ನು ಏನೆಂದು ಬರೆಯುವುದು? ಅದು ವಿಷದಿಂದ ಈಜು ನಿಲ್ಲಿಸಿದ್ದಲ್ಲ. ತೇಲುವುದನ್ನು ಪೂರ್ತಿ ತಪ್ಪಿಸಲು ನಮ್ಮದೇ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ.

ಬೀಕರ್‌ಗಳ ವಿಚಾರದಲ್ಲಿ ಒಂದು ಕಟ್ಟುನಿಟ್ಟು. ಪ್ರತಿ ಬೀಕರ್‌ಗೂ ಅದರ ಸಾಂದ್ರತೆಯನ್ನು ಅಳಿಸದ ಹಾಗೆ ಬರೆದಿದೆ. ಲೀಟರ್‌ಗೆ 76 ಮೈಕ್ರೋಗ್ರಾಂನ ಬೀಕರ್ ಎಂದೂ 15ರದ್ದಕ್ಕೆ ಹೋಗುವುದಿಲ್ಲ. ಕಂಟ್ರೋಲ್ ಬೀಕರ್‌ಗಳಿಗೆ ಬೇರೆ ಕಪಾಟು, ಬೇರೆ ಬ್ರಷ್, ತೊಳೆಯಲು ಬೇರೆ ಟಬ್. ಇದು ಸುಮ್ನೆ ಬಂದ ಶಿಸ್ತಲ್ಲ. ಒಂದು ರನ್‌ನಲ್ಲಿ ಕಂಟ್ರೋಲ್ ಶೇ. 15 ದಾಟಿ ಇಡೀ ರನ್ ಕಸಕ್ಕೆ ಹೋಯಿತು. ಡೈಕ್ರೋಮೇಟ್ ಸರಿಯಿತ್ತು, ತಾಯಿಗಳು ಗಟ್ಟಿಯಾಗಿದ್ದವು, ಆಕ್ಸಿಜನ್ ಲೀಟರ್‌ಗೆ 8 ಮಿಲಿಗ್ರಾಂ ಮೇಲೆ. ಸತ್ತ ಮರಿಗಳೆಲ್ಲ ಒಂದೇ ಬೀಕರ್‌ನಲ್ಲಿ. ಆ ಬೀಕರ್ ಹಿಂದೊಮ್ಮೆ ಕ್ವಾಟ್ ಕಂಡಿತ್ತು. ಸೋಪಿನಲ್ಲಿ ತೊಳೆದು ನೀರಿನಲ್ಲಿ ಜಾಲಿಸಿದರೆ ಕಣ್ಣಿಗೆ ಶುದ್ಧ. ಆದರೆ ಹಿಡಿದದ್ದನ್ನು ಗಾಜು ನಿಧಾನವಾಗಿ ಬಿಡುತ್ತಾ ಇರುತ್ತದೆ. ಲೀಟರ್‌ಗೆ ಕೆಲವು ಹತ್ತು ಮೈಕ್ರೋಗ್ರಾಂಗೆ ಸಾಯುವ ಪ್ರಾಣಿಗೆ ಅಷ್ಟು ಸಾಕು. ಈಗ ಆಸಿಡ್ ಮೆಥನಾಲ್, ಆಮೇಲೆ ಶುದ್ಧ ನೀರು, ಆಮೇಲೆ ಇನ್ನೊಂದು ಹಂತ. ಆ ಕೊನೆಯ ಹಂತ ಯಾವುದು ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ತೊಳೆಯುವ ಈ ಕ್ರಮ ಬಂದ ಮೇಲೆ ಕಂಟ್ರೋಲ್‌ನಲ್ಲಿ ಒಂದು ಮರಿಯೂ ಈಜು ನಿಲ್ಲಿಸಿಲ್ಲ. ಒಂದೂ ಇಲ್ಲ.

ಸಾಂದ್ರತೆ ಮಾಡುವ ರೀತಿಯನ್ನೂ ಬದಲಿಸಿದೆವು. ಮೇಲಿನದರಿಂದ ಕೆಳಗಿನದು, ಅದರಿಂದ ಇನ್ನೂ ಕೆಳಗಿನದು ಎಂದು ಸರಣಿಯಾಗಿ ತೆಳು ಮಾಡುತ್ತಾ ಹೋದರೆ ಪ್ರತಿ ಫ್ಲಾಸ್ಕ್ ಒಂದಿಷ್ಟು ನುಂಗುತ್ತದೆ. ಐದನೆಯದಕ್ಕೆ ಬರುವಾಗ ನಷ್ಟ ಐದು ಸಲ ಆಗಿರುತ್ತದೆ. ಈಗ ಒಂದೇ ಗಟ್ಟಿ ಸ್ಟಾಕ್. ಅದರಿಂದ ಐದೂ ಸಾಂದ್ರತೆಗಳಿಗೆ ನೇರವಾಗಿ ಅಳತೆ ಹಾಕುತ್ತೇವೆ. ಗಟ್ಟಿ ಸ್ಟಾಕ್‌ನಲ್ಲೂ ಗಾಜು ಅಷ್ಟೇ ಹಿಡಿಯಬಹುದು, ಆದರೆ ಅಲ್ಲಿ ಅದು ಸಾವಿರದಲ್ಲಿ ಒಂದು ಪಾಲು ಕೂಡ ಆಗುವುದಿಲ್ಲ. ಕರಗಿಸಲು ಸಾಲ್ವೆಂಟ್ ಬೇಡವೇ ಬೇಡ, ಕ್ವಾಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಕರಗುವುದಕ್ಕೂ ಅಂಟುವುದಕ್ಕೂ ಸಂಬಂಧವಿಲ್ಲ. ಕರಗುತ್ತದಲ್ಲ, ಮತ್ತೇನು ತೊಂದರೆ ಎಂದು ಕೇಳುವವರು ಈಗಲೂ ಇದ್ದಾರೆ.

ಇನ್ನು ಆ ಲೆಕ್ಕಕ್ಕೆ ಸಿಗದ ಕಾಲು ಭಾಗದ ಕತೆ. ನಮ್ಮ ಸ್ಯಾಂಪಲ್‌ಗಳನ್ನು ಅಳೆಯುತ್ತಿದ್ದದ್ದು ಹೊರಗಿನ ಲ್ಯಾಬ್. ಅವರೇ ಖಾಲಿ ಬಾಟಲಿ ಕಳಿಸುತ್ತಿದ್ದರು, ನಾವು ತುಂಬಿಸಿ ವಾಪಸ್ ಕಳಿಸುತ್ತಿದ್ದೆವು. ಅವರು ಅದನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಿ ವಯಲ್‌ಗೆ ಹಾಕಿ ಯಂತ್ರಕ್ಕೆ ಕೊಡುತ್ತಿದ್ದರು. ಈಗ ಎಣಿಸಿ ನೋಡಿ. ನಮ್ಮ ಪಿಪೆಟ್, ಅವರ ಬಾಟಲಿ, ದಾರಿಯಲ್ಲಿ ಕುಲುಕಾಡಿದ ಹೊತ್ತು, ಫಿಲ್ಟರ್, ವಯಲ್. ನೀರು ಐದು ಕಡೆ ಮೇಲ್ಮೈ ಮುಟ್ಟಿತು. ಫಿಲ್ಟರ್ ಒಂದೇ ಸಾಕು ಮೈಕ್ರೋಗ್ರಾಂ ಮಟ್ಟದ ಕ್ವಾಟ್ ಕುಡಿದುಬಿಡಲು.

ನಾವು ಮಾಡಿದ್ದು ಇಷ್ಟು. ಬಾಟಲಿಯೊಳಗೆ ಮೊದಲೇ ಅಸಿಟೋನೈಟ್ರೈಲ್ ಎಂಬ ಸಾಲ್ವೆಂಟ್ ಹಾಕಿಟ್ಟುಕೊಂಡೆವು, ಅದರಲ್ಲಿ ಚೂರು ಫಾರ್ಮಿಕ್ ಆಸಿಡ್. ಬೀಕರ್‌ನ ನಡುಭಾಗದಿಂದ ಗಾಜಿನ ಪಿಪೆಟ್‌ನಲ್ಲಿ ನೀರು ಎಳೆದು, ಎರಡು ಸಲ ಅದೇ ನೀರಿನಿಂದ ಪಿಪೆಟ್ ತೊಳೆದು, ಮೂರನೆಯದನ್ನು ಸಮಪಾಲಿಗೆ ಬಾಟಲಿಗೆ ಹಾಕಿದೆವು. ಕ್ವಾಟ್ ಬಾಟಲಿಯ ಗೋಡೆಯನ್ನು ಬರೀ ನೀರಿನಲ್ಲಿ ಮುಟ್ಟುವ ಗಳಿಗೆಯೇ ಇಲ್ಲ. ಫಿಲ್ಟರ್ ಬೇಡ, ಸೆಂಟ್ರಿಫ್ಯೂಜ್ ಸಾಕು ಎಂದು ಬರೆದು ಕಳಿಸಿದೆವು. ಅವರು ಒಪ್ಪಲಿಲ್ಲ. "ನಮ್ಮ ಬಾಟಲಿ, ನಮ್ಮ ಎಸ್‌ಓಪಿ" ಎಂದರು. ಒಂದೇ ದ್ರಾವಣವನ್ನು ಅವರ ರೀತಿಯಲ್ಲಿ ಒಂದು ಬಾಟಲಿ, ನಮ್ಮ ರೀತಿಯಲ್ಲಿ ಒಂದು ಬಾಟಲಿ ಮಾಡಿ, ಹೆಸರು ಬರೆಯದೆ ನಂಬರ್ ಮಾತ್ರ ಹಾಕಿ ಕಳಿಸಿದೆವು. ಅವರ ರೀತಿಯದು ಶೇ. 60ರ ಹತ್ತಿರ, ನಮ್ಮದು ಶೇ. 90 ಮೇಲೆ. ಆಮೇಲೆ ಮಾತಿಲ್ಲದೆ ಒಪ್ಪಿದರು. ಹೊಸ ದ್ರಾವಣ ಎಂದೂ ಶೇ. 60 ಇರಲೇ ಇಲ್ಲ. ಬೀಕರ್‌ನಿಂದ ಯಂತ್ರದವರೆಗಿನ ದಾರಿಯಲ್ಲಿ ಮೂರನೇ ಒಂದು ಪಾಲು ಉದುರುತ್ತಿತ್ತು. ಹಳೆಯ ರನ್‌ಗಳ ಎಲ್ಲ ಅಳತೆಗಳನ್ನೂ ಬದಿಗಿಟ್ಟೆವು. ಅದಕ್ಕೆ ಕೊಟ್ಟ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಣದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಟೆಸ್ಟ್‌ನ ಖರ್ಚಿನಲ್ಲಿ ಪ್ರಾಣಿ, ನೀರು, ಗಾಜು ಎಲ್ಲ ಸೇರಿದರೂ ಕಾಲು ಭಾಗ. ಮುಕ್ಕಾಲು ಭಾಗ ಅಳತೆಗೆ. ಕನಿಷ್ಠವೆಂದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಾಂದ್ರತೆಯನ್ನು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಅಳೆಯಬೇಕು. ಕ್ವಾಟ್‌ಗೆ ಅಷ್ಟರಲ್ಲಿ ಮುಗಿಸಿದರೆ ಯಾರೂ ನಂಬುವುದಿಲ್ಲ. ಐದೂ ಅಳೆಯಬೇಕು. 0ನೇ ಗಂಟೆಯ ಹೊಸದು, 24ನೇ ಗಂಟೆಯ ಹಳೆಯದು, 24ರ ಹೊಸದು, 48ರ ಹಳೆಯದು. ನಾಲ್ಕು ಬೀಕರ್‌ಗಳನ್ನೂ ಬೇರೆ ಬೇರೆ ಅಳೆದರೆ ಮನೆ ಮಠ ಮಾರಬೇಕಾಗುತ್ತದೆ. ನಾವು ನಾಲ್ಕು ಬೀಕರ್‌ಗಳಿಂದ ಸಮಪಾಲು ತೆಗೆದು ಒಂದೇ ಬಾಟಲಿಗೆ ಹಾಕುತ್ತೇವೆ. ಜೊತೆಗೆ ಪ್ರತಿ ಬೀಕರ್‌ದೂ ಒಂದೊಂದು ಬಾಟಲಿ ಫ್ರಿಜ್‌ನಲ್ಲಿ ಇಟ್ಟಿರುತ್ತೇವೆ, ಸಂಶಯ ಬಂದರೆ ಮಾತ್ರ ಕಳಿಸಲು. ಸ್ಟಾಕ್‌ನ ಸಾಂದ್ರತೆಯನ್ನು ನಾವೇ ಡೈಸಲ್ಫೈನ್ ಬ್ಲೂ ಎಂಬ ಬಣ್ಣ ಮತ್ತು ಕ್ಲೋರೋಫಾರ್ಮ್‌ನಲ್ಲಿ ಅಳೆಯುತ್ತೇವೆ, ಅದಕ್ಕೆ ಸಾದಾ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಸ್ಟಾಕ್ ಸರಿಯಿಲ್ಲದಿದ್ದರೆ ಅಂದು ರನ್ ಇಲ್ಲ. ಅಭ್ಯಾಸದ ರನ್‌ಗಳಲ್ಲಿ ಪ್ರಾಣಿ ಹಾಕುವುದಿಲ್ಲ, ನಡುವಿನ ಒಂದೇ ಸಾಂದ್ರತೆಯನ್ನು ಅಳೆಸುತ್ತೇವೆ. ಈ ಮೂರು ಬದಲಾವಣೆಗಳಿಂದ ಒಂದು ಪೂರ್ತಿ ಟೆಸ್ಟ್‌ನ ಖರ್ಚು ಮೊದಲಿನ ಅರ್ಧಕ್ಕೂ ಕೆಳಗೆ ಬಂತು. ಫ್ಲೋ-ಥ್ರೂ ಕೊಂಡಿದ್ದರೆ ಆ ಹಣದಲ್ಲಿ ಇಂಥ ಹತ್ತಾರು ಟೆಸ್ಟ್ ಮಾಡಬಹುದು.

ಜಾಸ್ತಿಯಾದದ್ದು ನೀರಿನ ಖರ್ಚು. ಹಳೆಯ ರೀತಿಯಲ್ಲಿ ಇಡೀ ಟೆಸ್ಟ್‌ಗೆ ಕಾಲು ಲೀಟರ್ ಸಾಕಿತ್ತು. ಈಗ ನೆನೆಸುವುದು, ಟೆಸ್ಟು, ಎರಡನೇ ಸೆಟ್, ಎಲ್ಲ ಸೇರಿ ಸುಮಾರು 20 ಲೀಟರ್. ಐಎಸ್‌ಓ ನೀರು (ಟೆಸ್ಟ್‌ಗೆ ಬಳಸುವ, ನಿಗದಿತ ಉಪ್ಪುಗಳ ನೀರು) ಮಾಡುವುದು ಕಷ್ಟವೇನಲ್ಲ, ನಾಲ್ಕು ಉಪ್ಪುಗಳ ಸ್ಟಾಕ್, ಲೀಟರ್‌ಗೆ ಒಂದೊಂದರಿಂದ 25 ಮಿಲಿಲೀಟರ್, ಗಡಸುತನ 250ರ ಹತ್ತಿರ. ರಾತ್ರಿಯಿಡೀ ಗಾಳಿ ಬಿಟ್ಟು ಇಟ್ಟರೆ ಪಿಎಚ್ 7.8ಕ್ಕೆ ಕೂರುತ್ತದೆ. ಕ್ಲೋರೀನ್ ಇರುವ ನೀರಿನ ಹತ್ತಿರವೂ ಹೋಗಬೇಡಿ ಎಂದು ನಿಮಗೆ ಹೇಳಬೇಕಿಲ್ಲ. ಆದರೆ ಡಿಸ್ಟಿಲ್ಡ್ ನೀರಿನಲ್ಲಿ ಉಳಿದಿರುವ ಸಾವಯವ ಇಂಗಾಲದ ಮೇಲೆ ಒಂದು ಕಣ್ಣಿಡಿ. ಕ್ವಾಟ್‌ಗೆ ಅದು ಸಿಕ್ಕರೆ ಸಾಕು, ಹಿಡಿದುಕೊಂಡುಬಿಡುತ್ತದೆ.

ಆ 20 ಲೀಟರ್ ತ್ಯಾಜ್ಯವನ್ನು ಸಿಂಕಿಗೆ ಸುರಿಯುವ ಮಾತೇ ಇಲ್ಲ. ಬೆಂಟೋನೈಟ್ ಮಣ್ಣು ಹಾಕಿ ಕಲಕಿ ಒಂದು ದಿನ ಬಿಡುತ್ತೇವೆ. ಕ್ವಾಟ್ ಮಣ್ಣಿಗೆ ಅಂಟುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ. ಟೆಸ್ಟ್‌ಗೆ ಬಳಸದೆ ಉಳಿದ ಮರಿಗಳನ್ನು ಮೇಲಿನ ನೀರಿಗೆ ಹಾಕಿ 48 ಗಂಟೆ ನೋಡುತ್ತೇವೆ. ಎಲ್ಲ ಈಜುತ್ತಿದ್ದರೆ ಮಾತ್ರ ಮುಂದಿನ ದಾರಿ. ಮಣ್ಣನ್ನು ಬೇರೆ ಡ್ರಮ್‌ನಲ್ಲಿ ಕೂಡಿಸಿ ಅಪಾಯಕಾರಿ ತ್ಯಾಜ್ಯದವರಿಗೆ ಕೊಡುತ್ತೇವೆ. 20 ಲೀಟರ್ ಕೊಡುವ ಬದಲು ಒಂದು ಹಿಡಿ ಕೆಸರು ಕೊಟ್ಟರೆ ಅಲ್ಲೂ ಉಳಿತಾಯ.

ಈ ಬೆಂಟೋನೈಟ್‌ನಿಂದ ಒಂದು ಪಕ್ಕದ ಪ್ರಯೋಗ ಹುಟ್ಟಿತು. ಇದ್ದ ಸಾಂದ್ರತೆಗಳಿಗೇ ಲೀಟರ್‌ಗೆ ಕೆಲವು ಮಿಲಿಗ್ರಾಂ ಹ್ಯೂಮಿಕ್ ಆಸಿಡ್ (ಕೊಳೆತ ಸಸ್ಯಗಳಿಂದ ಬರುವ ಕಂದು ವಸ್ತು) ಹಾಕಿ ನೋಡಿದೆವು. ಇಪ್ಪತ್ತಕ್ಕೆ ಇಪ್ಪತ್ತೂ ಈಜು ನಿಲ್ಲಿಸುತ್ತಿದ್ದ ಸಾಂದ್ರತೆಯಲ್ಲಿ ಹೆಚ್ಚಿನ ಮರಿಗಳು ಈಜಾಡುತ್ತಿದ್ದವು. ಇಸಿ50 ಮೂರು ನಾಲ್ಕು ಪಟ್ಟು ಮೇಲೇರಿತು. ಪಾಚಿ ಹಾಕಿದರೂ ಹಾಗೆಯೇ. ನದಿಯ ಕಂದು ನೀರಿನಲ್ಲಿ ಈ ಕೆಮಿಕಲ್ ಅಷ್ಟು ಕೊಲ್ಲದೇ ಇರಬಹುದು ಎಂದು ಇದರಿಂದ ವಾದ ಹೂಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಟಿದ್ದು ಮಾಯವಾಗುವುದಿಲ್ಲ, ತಳದ ಕೆಸರಿಗೆ ಹೋಗಿ ಕೂರುತ್ತದೆ. ಅಲ್ಲೂ ಜೀವಿಗಳಿವೆ.

ಪಾಚಿಯಿಂದ ಇನ್ನೊಂದು ವಿಷಯ ತಿಳಿಯಿತು. ಮರಿಗಳು ಹುಟ್ಟಿದ ತಕ್ಷಣ ತಾಯಿಯ ಪಾತ್ರೆಯ ಪಾಚಿ ತಿನ್ನಲು ಶುರು ಮಾಡುತ್ತವೆ. ನೇರವಾಗಿ ಟೆಸ್ಟ್‌ಗೆ ಹಾಕಿದರೆ ಹಸಿರು ಹಿಕ್ಕೆ ಹಾಕುತ್ತವೆ, ಕ್ವಾಟ್ ಅದಕ್ಕೂ ಅಂಟುತ್ತದೆ. ಹೆಚ್ಚು ತಿಂದ ಮರಿಗಳ ಬೀಕರ್‌ನಲ್ಲಿ ಕಡಿಮೆ ಸಾವು. ಹಾಗಾಗಿ ಮರಿಗಳನ್ನು ಮೊದಲು ಬರೀ ಐಎಸ್‌ಓ ನೀರಿನಲ್ಲಿ ಎರಡು ಮೂರು ಗಂಟೆ ಬಿಡುತ್ತೇವೆ. ಕರುಳಿನ ಹಸಿರು ಗೆರೆ ತೆಳುವಾಗುತ್ತದೆ. ಅದಕ್ಕಿಂತ ಜಾಸ್ತಿ ಬಿಡಬಾರದು, ಹಸಿದ ಮರಿ 48ನೇ ಗಂಟೆಗೆ ತಾನಾಗಿ ಸೊರಗುತ್ತದೆ. ಇದೊಂದೇ ಬದಲಾವಣೆಯಿಂದ ನಾಲ್ಕು ಬೀಕರ್‌ಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ತಗ್ಗಿತು. ತಾಯಿಗಳ ಬಗ್ಗೆ ಹೊಸದೇನಿಲ್ಲ. ಮೊದಲ ಸೂಲಿನ ಮರಿ ಬೇಡ, ಎರಡು ಮೂರು ವಾರದ ತಾಯಿಗಳು ಸಾಕು. ಎಫಿಪಿಯಾ (ಚಿಪ್ಪಿನೊಳಗಿನ ಸುಪ್ತ ಮೊಟ್ಟೆ) ಅಥವಾ ಗಂಡು ಕಂಡರೆ ಆ ಕಲ್ಚರ್ ಕಷ್ಟದಲ್ಲಿದೆ ಎಂದು ಅರ್ಥ, ಅದರ ಮರಿ ಮುಟ್ಟಬೇಡಿ.

ಎಫಿಪಿಯಾ ಎಂದಾಗ ನೆನಪಾಯಿತು. ಕಲ್ಚರ್ ಸಾಕುವ ಖರ್ಚು ಉಳಿಸಲು ಫ್ರಿಜ್‌ನಲ್ಲಿಟ್ಟ ಎಫಿಪಿಯಾಗಳಿಂದ ಮರಿ ಮಾಡಿಯೂ ನೋಡಿದೆವು. 20ರಿಂದ 22 ಡಿಗ್ರಿ, ಜೋರು ಬೆಳಕು, ಮೂರು ದಿನ. ಮರಿಗಳು ಬರುತ್ತವೆ, ಡೈಕ್ರೋಮೇಟ್‌ಗೆ ನಮ್ಮ ಕಲ್ಚರ್ ಮರಿಗಳ ಹಾಗೆಯೇ ಉತ್ತರ ಕೊಟ್ಟವು. ಆದರೆ ಎಲ್ಲ ಒಂದೇ ಹೊತ್ತಿಗೆ ಒಡೆಯುವುದಿಲ್ಲ. 20 ಲೀಟರ್ ದ್ರಾವಣ ನೆನೆಸಿಟ್ಟು ಮರಿಗಾಗಿ ಕಾಯುತ್ತಾ ಕೂರಲು ಆಗುವುದಿಲ್ಲ. ಅಪರೂಪಕ್ಕೆ ಟೆಸ್ಟ್ ಮಾಡುವವರಿಗೆ ಒಳ್ಳೆಯದು, ನಮಗೆ ಹೊಂದಲಿಲ್ಲ.

ಸಾಂದ್ರತೆಗಳ ಅಂತರದ ಬಗ್ಗೆ ಒಂದು ಮಾತು. ಒಂದರಿಂದ ಮುಂದಿನದಕ್ಕೆ 2.2 ಪಟ್ಟಿನ ಅಂತರ ದಾಟದಿದ್ದರೆ ಸಾಕು ಎನ್ನುತ್ತದೆ ಗೈಡ್‌ಲೈನ್. ಸಾಂದ್ರತೆ ಏರಿದಂತೆ ಸಾವು ಏರುವ ಗೆರೆ ಕ್ವಾಟ್‌ಗೆ ಕಡಿದಾದದ್ದು. 2.2 ಇಟ್ಟರೆ ಒಂದರಲ್ಲಿ ಎಲ್ಲ ಬದುಕಿರುತ್ತವೆ, ಮುಂದಿನದರಲ್ಲಿ ಎಲ್ಲ ಸತ್ತಿರುತ್ತವೆ. ಇಸಿ50 ತೆಗೆಯುವ ಪ್ರೋಬಿಟ್ ಲೆಕ್ಕಕ್ಕೆ ಕೊಡಲು ಏನೂ ಉಳಿಯುವುದಿಲ್ಲ. ನಾವು 1.5 ಇಟ್ಟೆವು. ಲೀಟರ್‌ಗೆ 15, 22, 34, 51, 76 ಮೈಕ್ರೋಗ್ರಾಂ. 34 ಮತ್ತು 51ರಲ್ಲಿ ಅರೆಬರೆ ಸಾವು ಸಿಕ್ಕಿತು, ಅಷ್ಟು ಸಿಕ್ಕರೆ ಕೆಲಸ ಆಯಿತು. 24 ಗಂಟೆಯ ಸಂಖ್ಯೆ ನೋಡಿ ಸಮಾಧಾನಪಡಬೇಡಿ. ಆಗ ಈಜುತ್ತಿದ್ದವು ಎಷ್ಟೋ 48ಕ್ಕೆ ನಿಂತಿರುತ್ತವೆ.

ನಿಂತಿದೆಯೋ ಇಲ್ಲವೋ ಎಂದು ನೋಡುವುದರಲ್ಲೂ ಜಗಳ ಇತ್ತು. ಮೆಲ್ಲಗೆ ಅಲುಗಾಡಿಸಿ 15 ಸೆಕೆಂಡ್ ಈಜದಿದ್ದರೆ ನಿಂತಿದೆ ಎಂದು ಲೆಕ್ಕ, ಮೀಸೆ ಅಲ್ಲಾಡಿಸುತ್ತಿದ್ದರೂ ಸರಿ. ಆದರೆ "ಮೆಲ್ಲಗೆ" ಎಂಬುದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಈಗ ಎಣಿಸುವವರಿಗೆ ಯಾವ ಬೀಕರ್ ಯಾವುದೆಂದು ಗೊತ್ತಿರುವುದಿಲ್ಲ. ಸಾಂದ್ರತೆ ಬರೆದ ಕಡೆಗೆ ಪಟ್ಟಿ ಸುತ್ತಿ, ಬೀಕರ್‌ಗಳನ್ನು ಕಲಸಿ ಕೊಡುತ್ತೇವೆ. ಜೊತೆಗೆ ಫೋನ್‌ನಲ್ಲಿ ವಿಡಿಯೋ. ಇಬ್ಬರ ಎಣಿಕೆ ಬೇರೆಯಾದರೆ ವಿಡಿಯೋ ನೋಡಿ ತೀರ್ಮಾನ.

ಕೊನೆಯ ಮೂರು ರನ್‌ಗಳ ಇಸಿ50, ಅಳೆದ ಸಾಂದ್ರತೆಯ ಮೇಲೆ, ಲೀಟರ್‌ಗೆ 40 ಮೈಕ್ರೋಗ್ರಾಂ ಸುತ್ತಮುತ್ತ. ಮೂರರ ನಡುವೆ ಐದಾರು ಮೈಕ್ರೋಗ್ರಾಂ ವ್ಯತ್ಯಾಸ. ಹಳೆಯ 0.12ಕ್ಕೆ ಹೋಲಿಸಿದರೆ ಮೂರನೇ ಒಂದು ಪಾಲು. ಟೆಸ್ಟ್ ಮಾಡಿಸಿದವರಿಗೆ ಇದು ಹಿಡಿಸಲಿಲ್ಲ. ಹಾಕಿದ ಲೆಕ್ಕದಲ್ಲೇ ವರದಿ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಅಳತೆಯ ಹಾಳೆಗಳನ್ನೆಲ್ಲ ಮುಂದಿಟ್ಟೆವು, ಎಂ-ಫ್ಯಾಕ್ಟರ್ 10 ಎಂದೇ ಹೋಯಿತು. ಫ್ಲೋ-ಥ್ರೂ ಇಲ್ಲದೆ ಆಗದು ಎಂದಿದ್ದವರಲ್ಲಿ ಇಬ್ಬರು ಬಂದು ಬೀಕರ್ ಕಪಾಟು ನೋಡಿಕೊಂಡು ಹೋದರು. ಒಬ್ಬರು ಸ್ಯಾಂಪಲ್ ಬಾಟಲಿಯ ವಿಧಾನವನ್ನು ತಮ್ಮಲ್ಲಿ ಶುರು ಮಾಡಿದ್ದಾರೆ.

ಸಿ12, ಸಿ14 ಎರಡೂ ಶೇ. 80ರ ಮೇಲೆ ನಿಲ್ಲುತ್ತಿವೆ. ಒಟ್ಟು ಮಾಲಿನಲ್ಲಿ ಸಿ16 ಸಣ್ಣ ಪಾಲು, ಆದರೆ ಅದೊಂದು ಶೇ. 70ಕ್ಕೆ ಇಳಿಯುತ್ತದೆ. ಅದಕ್ಕೆ ಅಳತೆಗಳ ಜಿಯೋಮೆಟ್ರಿಕ್ ಮೀನ್ (ಗುಣೋತ್ತರ ಸರಾಸರಿ) ಹಾಕಿ ವರದಿಯಲ್ಲಿ ಬೇರೆಯಾಗಿ ತೋರಿಸಿದ್ದೇವೆ. ಇನ್ನೆರಡು ಸೆಟ್ ಬೀಕರ್ ಸೇರಿಸಿ 12 ಗಂಟೆಗೊಮ್ಮೆ ಬದಲಿಸುವ ರನ್ ಮುಂದಿನದು, ಅದಕ್ಕೆ ಬೇಕಾದ 40 ಲೀಟರ್ ನೀರಿಗೆ ಉಪ್ಪು ತೂಗುವುದು ನಡೆಯುತ್ತಿದೆ.